ಅಭ್ಯಾಸ ಆಗೋಯ್ತು

(ಮೇ 2025. ಬೆಂಗಳೂರಿನ ದೊಮ್ಮಲೂರು ಚೊಕ್ಕನಾಥಸ್ವಾಮಿ ಗುಡಿ ಮುಂದೆ ಹೂವಿನಕ್ಕ. ಆಟೋದವನ ಪ್ಯಾಂಟು ಮೊಣಕಾಲುದ್ದ ಒದ್ದೆ.)

– ಏನೋ ತಮ್ಮ, ಹೊಳೆ ದಾಟ್ಕೊಂಡ್ ಬಂದ್ಯಾ?

– ರೋಡ್ ದಾಟ್ದೆ, ಅಕ್ಕ.

– 7ನೇ ತಾರೀಕು ಹಲಸೂರಲ್ಲಿ ಸೈರನ್ ಕೂಗಿಸಿದ್ರಲ್ಲ, ಏನದು?

– ‘ಆಪರೇಷನ್ ಅಭ್ಯಾಸ್’. ಯುದ್ಧ ಬಂದ್ರೆ ದೀಪ ಆರಿಸ್ಬೇಕು.

– ಅದಕ್ಯಾಕೋ ಅಭ್ಯಾಸ? ನಮ್ಮ ಬೀದೀಲಿ ಗಾಳಿ ಬೀಸಿದ್ರೇ ಆರುತ್ತೆ.

– ಶತ್ರುವಿಗೆ ನಾವು ಕಾಣಬಾರ್ದು ಅಂತ.

– ಗುಂಡಿ ನಮಗೇ ಕಾಣಲ್ಲ, ಬಿಡು. 18ರ ರಾತ್ರಿ ಮಳೆಗ್ಯಾಕೆ ಸೈರನ್ ಇಲ್ಲ?

– ಮಳೆ ಗಡಿ ದಾಟಿ ಬಂದಿಲ್ವಲ್ಲ!

– ಓ, ಆಧಾರ್ ಇರೋ ಮಳೆ. ಹೊರಮಾವು ಸಾಯಿ ಲೇಔಟಿಗೆ ದೋಣಿ ಬಂತಂತೆ?

– ಬಂತು.

– ಸದ್ಯ, ನೌಕಾಪಡೆ ಅಭ್ಯಾಸಾನೂ ಮುಗೀತು.

– ಎರಡು ಮೊಳ ಕೊಡಕ್ಕ.

– ಹೂವೋ, ನೀರೋ?