ಎರೆಹೊಲಕ್ಕೆ ಬಂದ ಮೇರಿ ದೊರೆಸಾನಿ

ನಮ್ಮ ಕಡೆಯ ಮೋರಟಗಿ ಊರಿನ ಬಿಸಿಲಿಗೆ ಯಾರ ಮುಲಾಜೂ ಇಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟಿತೆಂದರೆ ಎರೆಹೊಲವೇ ಬಾಯಿ ಬಿಡುತ್ತದೆ. ಇಂಥಲ್ಲಿ ಯಾರಾದರೂ ಅಂಗಳದಲ್ಲಿ ‘ಮೇರಿ ರೋಸ್’ ಗುಲಾಬಿ ನೆಡುತ್ತೇನೆಂದರೆ ಮನೆಮಂದಿಯ ಮೊದಲ ಪ್ರಶ್ನೆ: “ಕುಡಿಯಾಕ ನೀರಿಲ್ಲ, ಇದಕ್ಕೆಲ್ಲಿಂದ ತರ್ತಿ?”

ಮೇರಿಯದು ದೊಡ್ಡ ಮನೆತನ. ಇಂಗ್ಲೆಂಡಿನ ಗುಲಾಬಿ ತಳಿಗಾರ ಡೇವಿಡ್ ಆಸ್ಟಿನ್ 1983ರಲ್ಲಿ ಹೊರತಂದ, ಗುಲಾಬಿ ಬಣ್ಣದ, ಘಮ್ಮೆನ್ನುವ ಪೊದೆಗಿಡ. ಹೆಸರು ದೊರೆ ಎಂಟನೇ ಹೆನ್ರಿಯ ಮುಳುಗಿದ ಹಡಗಿನದು. ಅದನ್ನು 1982ರಲ್ಲಿ ಸಮುದ್ರದಿಂದ ಮೇಲೆತ್ತಿದ್ದರು. ಮೋರಟಗಿಯಲ್ಲಿ ಮುಳುಗುವಷ್ಟು ನೀರೇ ಸಿಗದು, ಆ ಮಟ್ಟಿಗೆ ನಿಶ್ಚಿಂತೆ. ಆಸ್ಟಿನ್ನರ 1961ರ ‘ಕಾನ್‌ಸ್ಟನ್ಸ್ ಸ್ಪ್ರೈ’ ವರ್ಷಕ್ಕೊಮ್ಮೆ ಹೂಬಿಟ್ಟು ಸುಮ್ಮನಾಗುತ್ತಿತ್ತು. ಮೇರಿ ಹಾಗಲ್ಲ, ಮತ್ತೆ ಮತ್ತೆ ಅರಳುತ್ತಾಳೆ.

ಅರಳುವುದೇನೋ ಸರಿ. ಆದರೆ ಬೇಸಿಗೆಯಲ್ಲಿ ಬೆಳಗ್ಗೆ ಬಿರಿದ ಮೊಗ್ಗಿನ ಎಸಳಂಚು ಮಧ್ಯಾಹ್ನಕ್ಕೆ ಕಂದು. ಮಳೆ ಹಿಡಿದರೆ ಎರೆಮಣ್ಣು ನೀರು ಬಿಟ್ಟುಕೊಡದು, ಬೇರು ಕೊಳೆಯುತ್ತದೆ. ಮರಳು, ಗೊಬ್ಬರ ಬೆರೆಸಿದ ಕುಂಡವೇ ಗತಿ.

ನಿಜವಾದ ತಮಾಷೆ ಬುಡದಲ್ಲಿದೆ. ನಮ್ಮ ದೇಶದಲ್ಲಿ ಮೇರಿಯಂಥ ಗುಲಾಬಿಗಳನ್ನು ಕಸಿ ಕಟ್ಟಲು ಬಳಸುವ ಬೇರುಗಿಡಗಳಲ್ಲಿ ಎಡ್ವರ್ಡ್ ಗುಲಾಬಿಯೂ ಒಂದು. ರಿಯೂನಿಯನ್ ದ್ವೀಪದ ಬೂರ್ಬೋನ್ ವಂಶದ ಗಟ್ಟಿ ಆಸಾಮಿ. ಬಣ್ಣ ಗುಲಾಬಿ, ಪರಿಮಳ ಧಾರಾಳ, ಹೂವು ಪದೇ ಪದೇ. ಕಸಿಗಂಟಿನ ಕೆಳಗಿಂದ ಸೊಕ್ಕಿ ಏಳುವ ಚಿಗುರನ್ನು ಕಂಡು “ಗಿಡ ಹತ್ತೇತಿ!” ಎಂದು ಹಿಗ್ಗಿ ಬಿಟ್ಟರೋ, ಮೇರಿ ಮೆಲ್ಲಗೆ ಮಾಯ, ಎಡ್ವರ್ಡನದೇ ದರ್ಬಾರು. ಯಜಮಾನರು ಮಾತ್ರ ಬಂದವರಿಗೆಲ್ಲ ಅದನ್ನೇ ತೋರಿಸಿ, “ಲಂಡನ್ ಮಾಲು” ಎನ್ನುತ್ತಲೇ ಇರುತ್ತಾರೆ.