ಸತ್ತ ನವಿಲಿಗೆ ನೂರೆಂಟು ಕಾರಣ

ನಮ್ಮೂರಲ್ಲಿ ಮನುಷ್ಯ ಸತ್ತರೆ ಒಂದೇ ಕಾರಣ: ‘ಅಟ್ಯಾಕ್ ಆಯ್ತಂತೆ.’ ಅಲ್ಲಿಗೆ ಮಾತು ಮುಗಿದು ತಿಥಿ ಊಟದ ವಿಚಾರ ಶುರುವಾಗುತ್ತದೆ. ಹಕ್ಕಿ ಸತ್ತರೆ ಹಾಗಲ್ಲ. ಒಂದು ಸತ್ತರೆ ಯಾರೂ ತಿರುಗಿ ನೋಡುವುದಿಲ್ಲ, ನಿಜ. ಹತ್ತಿಪ್ಪತ್ತು ಒಂದೇ ಕಡೆ ಸತ್ತು ಬಿದ್ದವೋ, ಮಧುಗಿರಿಯ ಟೀ ಅಂಗಡಿಯಿಂದ ಪಾವಗಡದ ಬಸ್ ಸ್ಟ್ಯಾಂಡಿನವರೆಗೂ ಎಲ್ಲರೂ ಪಕ್ಷಿತಜ್ಞರೇ.

2025ರ ಆಗಸ್ಟ್ ಶುರುವಿನಲ್ಲಿ ಮಧುಗಿರಿ ತಾಲ್ಲೂಕಿನ ಮಿಡಿಗೇಶಿ ಕಡೆಯ ಹನುಮಂತಪುರದ ಹೊಲಗಳ ಹತ್ತಿರ 20 ನವಿಲು ಸತ್ತು ಬಿದ್ದಿದ್ದು ನಿಮಗೆ ನೆನಪಿರಬಹುದು. ಅವುಗಳಲ್ಲಿ ಹೆಣ್ಣೇ ಹೆಚ್ಚು. ಕಾಲವೂ ಕೆಟ್ಟದಾಗಿತ್ತು. ಜೂನ್ ಕೊನೆಗೆ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ಕಾಡಿನಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿ ವಿಷ ಹಾಕಿದ ಹಸುವಿನ ಮಾಂಸ ತಿಂದು ಸತ್ತಿದ್ದವು. ಜುಲೈಯಲ್ಲಿ ಗುಂಡ್ಲುಪೇಟೆ ಕಡೆ ರಸ್ತೆ ಬದಿ ಕೋತಿಗಳ ಹೆಣ ಸಿಕ್ಕಿದ್ದವು. ಅದರ ಬೆನ್ನಿಗೇ ನಮ್ಮ ನವಿಲು. ಅರಣ್ಯ ಸಚಿವ ಈಶ್ವರ ಖಂಡ್ರೆಯವರು ತನಿಖೆ ಮಾಡಿ ವರದಿ ಕೊಡಿ ಎಂದರು. ಇಲಾಖೆಯ ಜೀಪು ಸ್ಟಾರ್ಟ್ ಆಗುವುದರೊಳಗೆ ನಮ್ಮ ಬೀದಿಯ ವರದಿ ಸಿದ್ಧವಾಗಿತ್ತು.

ಮೊದಲ ವರದಿ ಬೇಲಿಯಾಚೆಯ ಅಜ್ಜಿಯದು. ‘ಸುಬ್ರಮಣ್ಯಸ್ವಾಮಿ ವಾಹ್ನ ಕಣಮ್ಮ ಅದು. ಇಪ್ಪತ್ತು ಒಂದೇ ಸಲ ಹೋಗ್ಯಾವೆ ಅಂದ್ರೆ ಸುಮ್ನಾ? ನಾಗಲಮಡಿಕೆಗೆ ಹರಕೆ ಹೊತ್ಕಂಡೋರು ಯಾರೋ ತೀರಿಸ್ದೆ ಉಳ್ಸವ್ರೆ.’

‘ಹರಕೆ ತಪ್ಪಿಸ್ದೋನು ಮನುಷ್ಯ, ಸತ್ತಿದ್ದು ನವಿಲು. ಇದ್ಯಾವ ನ್ಯಾಯ ಅಜ್ಜಿ?’

‘ದೇವ್ರ ಲೆಕ್ಕ ನಿಂಗೇನ್ ಗೊತ್ತು? ನಿಂದು ಬರೀ ರೇಷನ್ ಕಾರ್ಡ್ ಲೆಕ್ಕ.’

ಪಾವಗಡ ತಾಲ್ಲೂಕಿನ ನಾಗಲಮಡಿಕೆಯನ್ನು ನಮ್ಮ ಕಡೆ ಅಂತ್ಯ ಸುಬ್ರಹ್ಮಣ್ಯ ಅನ್ನುತ್ತಾರೆ. ಅಜ್ಜಿಯ ವಾದದಲ್ಲಿ ಒಂದು ಗುಣವಿದೆ ಎಂದು ಒಪ್ಪಬೇಕು. ಅದನ್ನು ಯಾವ ಲ್ಯಾಬೂ ಸುಳ್ಳು ಮಾಡಲಾರದು.

ಎದುರು ಮನೆಯ ಮಾವ ಕೆಇಬಿಯಲ್ಲಿ ಲೈನ್‌ಮನ್ ಆಗಿ ರಿಟೈರ್ ಆದವರು. ಬೆಸ್ಕಾಂ ಆಗಿ ಎಷ್ಟು ವರ್ಷವಾದರೂ ಅವರಿಗದು ಕೆಇಬಿಯೇ. ‘ಹರಕೆನೂ ಇಲ್ಲ, ಗಿರಕೆನೂ ಇಲ್ಲ. ಟವರ್ ಕಣಮ್ಮ, ಟವರ್! ಫೈವ್ ಜಿ ಬಂದ್ಮ್ಯಾಲೆ ಊರಾಗೆ ಒಂದು ಗುಬ್ಬಚ್ಚಿ ತೋರ್ಸು ನೋಡಾನ.’

‘ನಿಮ್ಮನೆ ಮೀಟರ್ ಬೋರ್ಡ್ ಹಿಂದೇನೇ ಗೂಡು ಕಟ್ಟೈತಲ್ಲ ಮಾವ?’

‘ಅದು ಹಳೇ ಗುಬ್ಬಚ್ಚಿ.’

ಟವರಿನ ಮೇಲಿನ ಸಿಟ್ಟಿಗೆ ಸಿನಿಮಾದ ಬೆಂಬಲವೂ ಇದೆ. ಮೊಬೈಲ್ ಸಿಗ್ನಲ್ಲಿಗೆ ಹಕ್ಕಿ ಸಾಯುವ ಕತೆಯಿರುವ, 2018ರಲ್ಲಿ ಬಂದ ರಜನಿಕಾಂತರ ‘2.0’ ನೋಡಿದ ಮೇಲೆ ಮಾವನಂಥವರಿಗೆ ಬೇರೆ ಸಾಕ್ಷಿ ಬೇಕಿಲ್ಲ. ಅದೇ ವರ್ಷ ನೆದರ್‌ಲೆಂಡ್ಸಿನ ಹೇಗ್ ಪಟ್ಟಣದ ಪಾರ್ಕೊಂದರಲ್ಲಿ ಮುನ್ನೂರಕ್ಕೂ ಹೆಚ್ಚು ಕಬ್ಬಕ್ಕಿ ಜಾತಿಯ ಹಕ್ಕಿಗಳು ಸತ್ತು ಬಿದ್ದವು. 5ಜಿ ಪರೀಕ್ಷೆಯೇ ಕಾರಣ ಎಂಬ ಸುದ್ದಿ ಭೂಮಿ ಸುತ್ತಿತು. ಆ ಸಾವುಗಳ ಹೊತ್ತಿನಲ್ಲಿ ಅಲ್ಲಿ ಅಂಥ ಪರೀಕ್ಷೆಯೇ ನಡೆದಿರಲಿಲ್ಲ. ಇನ್ನು ನಮ್ಮ ಗುಬ್ಬಚ್ಚಿಯ ವಿಚಾರ. 2020ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯ ಪ್ರಕಾರ ದೇಶದ ಒಟ್ಟು ಲೆಕ್ಕದಲ್ಲಿ ಅದು ಇಪ್ಪತ್ತೈದು ವರ್ಷಗಳಿಂದ ಹೆಚ್ಚುಕಡಿಮೆ ಇದ್ದ ಹಾಗೆಯೇ ಇದೆ, ಕಡಿಮೆಯಾಗಿರುವುದು ದೊಡ್ಡ ನಗರಗಳಲ್ಲಿ. ಇದನ್ನು ಮಾವನಿಗೆ ಹೇಳಿದೆ. ‘ವರದಿ ಬರ್ದೋನ್ ಹತ್ರನೂ ಮೊಬೈಲ್ ಇರ್ತೈತೆ’ ಅಂದುಬಿಟ್ಟರು. ಇದಕ್ಕೆ ಏನು ಉತ್ತರ ಕೊಡುತ್ತೀರಿ?

ಪಾವಗಡದಲ್ಲಿರುವ ನಮ್ಮ ಅಳಿಯಂದಿರು ಫೋನಿನಲ್ಲೇ ತೀರ್ಪು ಕೊಟ್ಟರು: ‘ಸೋಲಾರ್ ಪ್ಲೇಟ್ ಅತ್ತೆ. ಆ ಕಾವಿಗೆ ಹಾರೋ ಹಕ್ಕಿ ಸುಟ್ಟು ಬೀಳ್ತೈತೆ.’ ತಿರುಮಣಿ, ವಳ್ಳೂರು ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕು ಹರಡಿದೆ. ಅಷ್ಟು ದೊಡ್ಡದು ಪಕ್ಕದಲ್ಲಿ ಬಂದು ಕೂತರೆ ಬಿಸಿಲಿಗೂ ಬರಕ್ಕೂ ಅದರ ಹೆಸರು ಹೇಳುವುದು ಸಹಜ. ಆದರೆ ಹಕ್ಕಿ ಸುಡುವ ಕತೆ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಇವಾನ್‌ಪಾ ಎಂಬಲ್ಲಿ. ಅಲ್ಲಿರುವುದು ಪ್ಲೇಟ್ ಅಲ್ಲ, ಕನ್ನಡಿ. ಲಕ್ಷಗಟ್ಟಲೆ ಕನ್ನಡಿಗಳು ಬಿಸಿಲನ್ನು ಮೂರು ಎತ್ತರದ ಗೋಪುರಗಳ ತಲೆಗೆ ಹಾಯಿಸುತ್ತವೆ. ನಡುವೆ ಹಾರಿದ ಹಕ್ಕಿಯ ರೆಕ್ಕೆ ಸುಡುತ್ತದೆ. ಪಾವಗಡದ ಪ್ಲೇಟು ಬಿಸಿಲನ್ನು ಕುಡಿಯುತ್ತದೆ, ಉಗುಳುವುದಿಲ್ಲ. ಸಾಲು ಪ್ಲೇಟುಗಳನ್ನು ನೀರೆಂದು ನಂಬಿ ಇಳಿಯುವ ನೀರುಹಕ್ಕಿಗಳ ಬಗ್ಗೆ ಅಮೆರಿಕದಲ್ಲಿ ಚರ್ಚೆ ನಡೆದಿರುವುದು ನಿಜ. ಆದರೆ ನವಿಲು ನೀರುಹಕ್ಕಿಯಲ್ಲ. ತಿರುಮಣಿಯಲ್ಲಿ ರೆಕ್ಕೆ ಸುಟ್ಟುಕೊಂಡು ಮಿಡಿಗೇಶಿಗೆ ಬಂದು ಸಾಯುವಷ್ಟು ದೂರ ಹಾರುವ ಜಾತಿಯಂತೂ ಅಲ್ಲವೇ ಅಲ್ಲ.

ಕೊರಟಗೆರೆಯ ಭಾವನಿಗೆ ಕೋಳಿ ಅಂಗಡಿ. ಅವರ ಭಯ ಒಂದೇ, ಹಕ್ಕಿಜ್ವರ. ಆ ವರ್ಷ ಬೇಸಿಗೆಗೆ ಮುಂಚೆ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ, ಬಳ್ಳಾರಿ ಕಡೆ ಸಂಡೂರಿನ ಕುರೆಕುಪ್ಪದಲ್ಲಿ ಅದು ಪತ್ತೆಯಾಗಿ ಕೋಳಿಗಳನ್ನು ಹೂತಿದ್ದರು. ಗೌರಿಬಿದನೂರು ದಾಟಿದರೆ ಕೊರಟಗೆರೆ ತಾನೇ. ಗಾಳಿಮಾತಿಗೆ ಕೋಳಿ ರೇಟು ಬಿದ್ದಿತ್ತು, ಭಾವನ ಮುಖವೂ ಬಿದ್ದಿತ್ತು. ಈಗ ನವಿಲಿನ ಸುದ್ದಿ ಕೇಳಿ ‘ಅದೊಂದು ಹೆಸ್ರು ಮಾತ್ರ ಎತ್ತಬ್ಯಾಡಿ’ ಅಂತ ಕೈ ಮುಗಿದರು. ಮಿಕ್ಕವರೆಲ್ಲ ಕಾರಣ ಹುಡುಕುತ್ತಿದ್ದರೆ ಇವರೊಬ್ಬರು ಒಂದು ಕಾರಣ ಆಗದಿರಲಿ ಎಂದು ಬೇಡಿಕೊಳ್ಳುತ್ತಿದ್ದರು.

ಶಿರಾದ ಬೀಗರ ಮಾತು ಬೇರೆಯೇ ಧಾಟಿಯದು. ಅವರಿಗೆ ಕಗ್ಗಲಡುವಿನಲ್ಲಿ ನೆಂಟಸ್ತನ. ಕಗ್ಗಲಡು ನೋಡದವರು ಒಮ್ಮೆ ಹೋಗಿ ಬನ್ನಿ, ಶಿರಾದಿಂದ ಹೆಚ್ಚು ದೂರವಿಲ್ಲ. ಬೇಸಿಗೆಯಲ್ಲಿ ಊರ ನಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆ, ಬೂದು ಬಕ ಗೂಡು ಕಟ್ಟಿ ಮರಿ ಮಾಡುತ್ತವೆ. ಕೆಳಗೆ ದನ, ಟ್ರ್ಯಾಕ್ಟರು, ಶಾಲೆಗೆ ಹೋಗುವ ಮಕ್ಕಳು. ಮೇಲೆ ಕೊಕ್ಕು ಬಡಿಯುವ ಸದ್ದು, ಮೀನಿನ ನಾತ. ಹಕ್ಕಿಗೆ ತೊಂದರೆಯಾದೀತೆಂದು ಊರವರು ಆ ಮರಗಳ ಹುಣಸೆಹಣ್ಣನ್ನೇ ಬಿಟ್ಟುಕೊಟ್ಟಿದ್ದಾರೆ. ನಮ್ಮ ಸೀಮೆಯಲ್ಲಿ ಹುಣಸೆ ಎಂದರೆ ದುಡ್ಡು ಎಂಬುದನ್ನು ಬಲ್ಲವರಿಗೆ ಇದರ ತೂಕ ತಿಳಿಯುತ್ತದೆ.

ಬೀಗರು ಹೇಳಿದ್ದಿಷ್ಟು: ‘ನಮ್ಮೂರಾಗೆ ಮರಿ ಸಾಯೋದು ಹೊಸದೇನಲ್ಲ ಬೀಗತಿ. ಗಾಳಿಗೆ ಗೂಡು ಅಲ್ಲಾಡಿ ಬೀಳ್ತಾವೆ, ಬಿಸ್ಲಿಗೆ ಸೊರಗ್ತಾವೆ, ಕೆರೆ ಬತ್ತಿದ ವರ್ಷ ಹೊಟ್ಟೆಗಿಲ್ದೆ ಸಾಯ್ತಾವೆ. ನಾವು ದಿನಾ ನೋಡ್ತೀವಲ್ಲ, ಗೊತ್ತಾಗ್ತೈತೆ.’

ಬೀಗರ ಈ ಮಾತು ನನಗೆ ಹಿಡಿಸಿತು. ಬದುಕಿದ ಹಕ್ಕಿಯನ್ನು ದಿನಾ ನೋಡುವವರಿಗೆ ಅದರ ಸಾವು ಅಷ್ಟು ನಿಗೂಢವಲ್ಲ. ನಮ್ಮಂಥವರು ನವಿಲನ್ನು ನೋಡುವುದು ಎರಡೇ ಸಲ, ಕುಣಿದಾಗ ಮತ್ತು ಸತ್ತಾಗ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ 2017–18ರ ಚಳಿಗಾಲದಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತಾಗಲೂ ನೂರೆಂಟು ಊಹೆ. ಹಿಂದಿನ ವರ್ಷವಷ್ಟೇ ಹಕ್ಕಿಜ್ವರದಿಂದ ಮೈಸೂರು ಮೃಗಾಲಯ ಒಂದು ತಿಂಗಳು ಬಾಗಿಲು ಹಾಕಿತ್ತು, ಭಯ ಸಹಜ. ಹೊಟ್ಟೆ ಕೊಯ್ದು ನೋಡಿದರೆ ಸಿಕ್ಕಿದ್ದು ಹುಳು. ತಿಂದ ಮೀನಿನ ಜೊತೆ ಹೊಟ್ಟೆ ಸೇರುವ ಪರಾವಲಂಬಿ ಹುಳು.

ಇಷ್ಟು ಜನ ಇಷ್ಟು ಹೇಳಿದರಲ್ಲ, ನಮ್ಮ ಬೀದಿಯಲ್ಲಿ ಒಬ್ಬರ ಬಾಯಲ್ಲೂ ಬರದ ಮಾತೊಂದಿತ್ತು. ಅದನ್ನು ಎತ್ತಿದ್ದು ಹಾಲು ಹಾಕಲು ಬರುವ ಹುಡುಗ: ‘ಬಿತ್ನೆ ಟೈಮಲ್ವಾ ಅಕ್ಕಾ?’ ಅಷ್ಟೇ ಹೇಳಿ ಕ್ಯಾನ್ ಎತ್ತಿಕೊಂಡು ಹೋದ. ಮಾವ ಕೆಮ್ಮಿದರು. ಅಜ್ಜಿ ಒಲೆ ಮೇಲೆ ಏನೋ ಇಟ್ಟಿದ್ದೀನಿ ಅಂತ ಒಳಗೆ ಹೋದರು.

ಜುಲೈ, ಆಗಸ್ಟ್ ನಮ್ಮ ಕಡೆ ಕಡಲೆಕಾಯಿ ನೆಲಕ್ಕೆ ಬೀಳುವ ಕಾಲ. ಗೊಣ್ಣೆಹುಳು ಹತ್ತದಿರಲಿ ಎಂದು ಬಿತ್ತನೆ ಬೀಜಕ್ಕೆ ಕ್ಲೋರ್‌ಪೈರಿಫಾಸ್‌ನಂಥ ಔಷಧಿ ಸವರುವುದುಂಟು. ಅದು ನರಕ್ಕೆ ಹಿಡಿಯುವ ವಿಷ. ನವಿಲು ಕಾಲಲ್ಲಿ ಕೆದಕಿ ಬೀಜ ಹೆಕ್ಕುವ ಹಕ್ಕಿ. ಹೆಣ್ಣು ನವಿಲುಗಳಂತೂ ಗುಂಪಾಗಿ ಮೇಯುತ್ತವೆ. ಒಂದೇ ಹೊಲದಲ್ಲಿ ಒಟ್ಟಿಗೆ ಮೇದ ಗುಂಪು ಒಟ್ಟಿಗೇ ಬೀಳುವುದಕ್ಕೆ ಟವರೂ ಬೇಕಿಲ್ಲ, ಶಾಪವೂ ಬೇಕಿಲ್ಲ. ಬೇಕೆಂದೇ ಕಾಳಿಗೆ ವಿಷ ಬೆರೆಸಿ ಚೆಲ್ಲುವವರೂ ಇದ್ದಾರೆ, ಅದು ಬೇರೆ ಮಾತು. ಹನುಮಂತಪುರದಲ್ಲಿ ಆದದ್ದು ಇದೇ ಎಂದು ನಾನು ಹೇಳುತ್ತಿಲ್ಲ. ಅದನ್ನು ಹೇಳಬೇಕಾದವರು ಹೊಟ್ಟೆಯೊಳಗಿನದನ್ನು ಪರೀಕ್ಷೆ ಮಾಡುವವರು. ನಾನು ಕೇಳುತ್ತಿರುವುದು, ಹೊಲದಲ್ಲಿ ಬಿದ್ದ ಹೆಣಕ್ಕೆ ಕಾರಣ ಹುಡುಕಲು ಹೊರಟವರು ಹೊಲವೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಯಾಕೆ ಹೋದೆವು ಎಂದು.

ನನಗೆ ತೋಚುವ ಉತ್ತರ ಇದು. ‘ವಿಷ’ ಎಂದರೆ ಮುಂದಿನ ಪ್ರಶ್ನೆ ‘ಯಾರ ಹೊಲ?’ ಹೊಲ ಎಂದರೆ ಅದಕ್ಕೊಬ್ಬ ಯಜಮಾನ. ಅವನು ಒಬ್ಬರಿಗೆ ಷಡ್ಡಕ, ಇನ್ನೊಬ್ಬರಿಗೆ ಸೋದರಮಾವ. ಮಿಡಿಗೇಶಿಯಲ್ಲಿ ನೆಂಟರಿಲ್ಲದ ಮನೆ ನಮ್ಮ ಬೀದಿಯಲ್ಲಿ ಯಾವುದಿದೆ? ಅದೂ ಅಲ್ಲದೆ ಅದೇ ಔಷಧಿ ಡಬ್ಬ ನಮ್ಮೆಲ್ಲರ ಅಟ್ಟದ ಮೇಲೂ ಕೂತಿದೆ. ಟವರಿಗಾದರೆ ನೆಂಟರಿಲ್ಲ. ಅದರ ಮೇಲೆ ಏನು ಹೇಳಿದರೂ ನಾಳೆ ಮದುವೆ ಮನೆಯಲ್ಲಿ ಮುಖ ತಿರುಗಿಸಿಕೊಂಡು ಹೋಗುವವರಿಲ್ಲ.

ರೈತನನ್ನು ಬೈಯುವುದೂ ಸುಲಭ, ಆದ್ದರಿಂದ ಅದನ್ನೂ ಮಾಡಲಾರೆ. ಸಾಲ ತಂದು ಬೀಜ ಕೊಂಡು, ಒಂದು ಹದ ಮಳೆಗೆ ಬಿತ್ತಿ, ಬೆಳಗಾಗುವುದರೊಳಗೆ ಸಾಲುಗಟ್ಟಲೆ ಕೆದಕಿರುವುದನ್ನು ನೋಡುವವನಿಗೆ ರಾಷ್ಟ್ರಪಕ್ಷಿ ಎಂಬ ಮಾತು ಹೊಟ್ಟೆ ತುಂಬಿಸುವುದಿಲ್ಲ. ನವಿಲೂ ಮೊದಲಿನಷ್ಟು ಅಪರೂಪವಲ್ಲ. ದೇಶದಲ್ಲಿ ಸಂಖ್ಯೆ ಜೋರಾಗಿ ಏರುತ್ತಿರುವ ಹಕ್ಕಿಗಳಲ್ಲಿ ಅದೂ ಒಂದು ಎಂದು ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ನ 2023ರ ವರದಿ ಹೇಳಿತು. ಕಾನೂನು ಮಾತ್ರ ಬಿಗಿ. ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ನವಿಲನ್ನು ಕೊಂದರೆ ಮೂರರಿಂದ ಏಳು ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಇಷ್ಟು ದೊಡ್ಡ ಶಿಕ್ಷೆ ಇರುವ ಕಡೆ ಅಕ್ಕಪಕ್ಕದವರ ಬಾಯಿ ಇನ್ನಷ್ಟು ಬಿಗಿಯಾಗುತ್ತದೆ, ಟವರಿನ ಕತೆ ಇನ್ನಷ್ಟು ಎತ್ತರವಾಗುತ್ತದೆ.

ಇದು ನಮ್ಮ ನಾಲ್ಕು ತಾಲ್ಲೂಕಿನ ಗುಣವೇನಲ್ಲ. 2010ರ ಡಿಸೆಂಬರ್ 31ರ ರಾತ್ರಿ ಅಮೆರಿಕದ ಆರ್ಕನ್ಸಾದ ಬೀಬಿ ಎಂಬ ಊರಿನಲ್ಲಿ ಸಾವಿರಾರು ಕರಿ ಹಕ್ಕಿಗಳು ಆಕಾಶದಿಂದ ಉದುರಿದವು. ಪ್ರಳಯ ಅಂದರು, ಸೈನ್ಯದ ಗುಪ್ತ ಅಸ್ತ್ರ ಅಂದರು. ನೋಡಿದರೆ ಊರವರೇ ಹೊಸ ವರ್ಷಕ್ಕೆ ಹಚ್ಚಿದ ಪಟಾಕಿ. ಸದ್ದಿಗೆ ಬೆದರಿ ಗೂಡುಮರ ಬಿಟ್ಟೆದ್ದ ಹಕ್ಕಿಗಳು ಕತ್ತಲಲ್ಲಿ ಗೋಡೆಗೆ, ಮರಕ್ಕೆ ಬಡಿದು ಸತ್ತಿದ್ದವು.

ಅಷ್ಟು ದೂರ ಯಾಕೆ, ನಮ್ಮ ರಣಹದ್ದನ್ನೇ ತೆಗೆದುಕೊಳ್ಳಿ. ಸತ್ತ ದನದ ಮೇಲೆ ಮುತ್ತುತ್ತಿದ್ದ ಹಿಂಡುಗಳು ಕಣ್ಣೆದುರೇ ಮಾಯವಾದವು. ರೋಗ ಅಂದರು, ವೈರಸ್ ಅಂದರು. 2004ರಲ್ಲಿ ಹೊರಬಂದ ಸಂಶೋಧನೆ ಬೊಟ್ಟು ಮಾಡಿದ್ದು ನಮ್ಮ ಕೊಟ್ಟಿಗೆಗೆ. ಕುಂಟುವ ಎತ್ತಿಗೆ, ಕೆಚ್ಚಲು ಬಾತ ಹಸುವಿಗೆ ಚುಚ್ಚುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿ! ಆ ದನ ಸತ್ತರೆ, ಅದರ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಅದೂ ಸಾಯುತ್ತಿತ್ತು. 2006ರಲ್ಲಿ ಭಾರತ ದನಗಳಿಗೆ ಅದನ್ನು ನಿಷೇಧಿಸಿತು. ಅಷ್ಟರಲ್ಲಿ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಹೋಗಿದ್ದವು. ದನ ಬದುಕಲಿ ಎಂದು ಕೊಟ್ಟ ಔಷಧಿ ಅದು, ಯಾರೂ ಹದ್ದಿನ ಮೇಲೆ ಹಗೆ ಇಟ್ಟುಕೊಂಡವರಲ್ಲ.

ಹಾಗಂತ ಊಹೆ ಮಾಡುವುದೇ ತಪ್ಪು ಎನ್ನಲಾರೆ. ಊಹೆ ನಿಂತರೆ ಬೇಲಿ ಹತ್ತಿರ ನಾವೇನು ಮಾತಾಡುವುದು? ಆದರೆ ನಾವು ಮಾತಾಡುತ್ತ ನಿಂತಷ್ಟು ಹೊತ್ತು ಹೆಣ ಕೊಳೆಯುತ್ತದೆ. ಕೊಳೆತ ಹೆಣ ಪರೀಕ್ಷೆಗೂ ಸರಿಯಾಗಿ ಒದಗುವುದಿಲ್ಲ, ಬದುಕಿದ ಹಕ್ಕಿಗೂ ಒಳ್ಳೆಯದಲ್ಲ. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಸಾವಿರಾರು ವಲಸೆ ಹಕ್ಕಿಗಳು ಬಾಟುಲಿಸಂ ಎಂಬ ವಿಷಬಾಧೆಗೆ ಸಿಕ್ಕಿ ಸತ್ತಾಗ, ಸತ್ತವುಗಳ ಮೈಮೇಲಿನ ಹುಳ ತಿಂದ ಹಕ್ಕಿಗಳಿಗೂ ಅದೇ ವಿಷ ಏರುತ್ತ ಹೋಯಿತು. ಹೆಣ ಎತ್ತಿ ಹೂಳುವ, ಸುಡುವ ಕೆಲಸವೇ ದೊಡ್ಡ ಚಿಕಿತ್ಸೆಯಾಯಿತು.

ಆದ್ದರಿಂದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನನ್ನ ಹರಟೆಮಲ್ಲರಲ್ಲಿ ಒಂದು ಕೋರಿಕೆ. ಔಷಧಿ ಸವರಿದ ಬೀಜವನ್ನು ಬದುವಿನ ಮೇಲೆ ಚೆಲ್ಲಬೇಡಿ, ಬಿತ್ತಿದ್ದನ್ನು ಮಣ್ಣಿನಿಂದ ಚೆನ್ನಾಗಿ ಮುಚ್ಚಿ. ಎಲ್ಲಾದರೂ ಹಕ್ಕಿಗಳು ಗುಂಪಾಗಿ ಸತ್ತಿರುವುದು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಗರಿ ಕೀಳಬೇಡಿ, ನಾಯಿ ಬಿಡಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926, ಪಶುಪಾಲನಾ ಇಲಾಖೆಯದು 1962. ಎರಡರಲ್ಲಿ ಒಂದಕ್ಕೆ ಮೊದಲು ಫೋನ್ ಮಾಡಿ. ಆಮೇಲೆ ಎಷ್ಟು ಹೊತ್ತು ಬೇಕಾದರೂ ಟವರನ್ನು ಬೈಯಿರಿ, ಕೆಇಬಿ ಮಾವ ಜೊತೆಗಿರುತ್ತಾರೆ.