ಚೀಲದ ಬಾಯಿ ಹಿಡಿಯುವವರು

ನಮ್ಮ ಕಡೆ ಕೂಲಿಯಿಲ್ಲದ ಕೆಲಸಗಳಲ್ಲಿ ಮೊದಲನೆಯದು ಚೀಲದ ಬಾಯಿ ಹಿಡಿಯುವುದು. ತುಂಬುವವನಿಗೆ ಕೂಲಿಯುಂಟು, ಹೊರುವವನಿಗೆ ಉಂಟು, ದಬ್ಬಣಕ್ಕೆ ಸುತಳಿ ಪೋಣಿಸಿಕೊಂಡು ಹೊಲಿಯುವವನಿಗೂ ಉಂಟು. ಬಾಯಿ ಹಿಡಿದವನ ಹೆಸರನ್ನು ಮಾತ್ರ ಯಾವ ರೈಟರೂ ಚೆಕ್‌ರೋಲಿನಲ್ಲಿ ಬರೆದದ್ದು ನಾನು ಕಾಣೆ. "ಏಯ್, ಸುಮ್ನೆ ನಿಂತಿದೀಯಲ್ಲ, ಬಾಯಿ ಹಿಡ್ಕೋ ಬಾ" ಎಂದರೆ ನೇಮಕಾತಿ ಮುಗಿಯಿತು. ಸುಮ್ಮನೆ ನಿಂತಿರುವುದೇ ಈ ಹುದ್ದೆಗೆ ಬೇಕಾದ ಅರ್ಹತೆ. ಶಾಲೆಗೆ ರಜೆ ಸಿಕ್ಕಿದ ಹುಡುಗರು, ಬೆಂಗಳೂರಿನಿಂದ ಬಂದು ಕಾಫಿ ಕಣ ನೋಡುತ್ತ ನಿಂತ ಅಳಿಯಂದಿರು, ಸೊಂಟ ಬಗ್ಗಿದ ಅಜ್ಜಂದಿರು, ಎಲ್ಲರೂ ಇದಕ್ಕೆ ಬಲಿಯಾದವರೇ.

ಕೆಲಸ ಸುಲಭವೆಂದು ತಿಳಿಯಬೇಡಿ. ಒಣಗಿದ ರೊಬಸ್ಟಾ ಚೆರ್ರಿಯನ್ನು ಬುಟ್ಟಿಯಲ್ಲಿ ಎತ್ತಿ ಸುರಿಯುವಾಗ ಏಳುವ ಧೂಳು ಸುರಿಯುವವನ ಬೆನ್ನ ಹಿಂದೆ ಹೋಗುವುದಿಲ್ಲ, ಬಾಯಿ ಹಿಡಿದವನ ಮೂಗಿಗೇ ಬರುತ್ತದೆ. ಎರಡು ಕೈಯೂ ಚೀಲಕ್ಕೆ ಮುಡಿಪಾಗಿರುವುದರಿಂದ ಮೂಗು ಉಜ್ಜುವಂತಿಲ್ಲ. ಆ ಹೊತ್ತಿಗೇ ಕಿವಿಯ ಹಿಂದೆ ಒಂದು ಚಗಳಿ ಇರುವೆ ಪ್ರಯಾಣ ಹೊರಟಿರುತ್ತದೆ. ಒಂದು ಕಾಳು ಹೊರಗೆ ಬಿದ್ದರೂ ತಪ್ಪು ಬಾಯಿ ಹಿಡಿದವನದು. ಚೀಲ ಸರಿಯಾಗಿ ತುಂಬಿದರೆ ಹೆಸರು ಸುರಿದವನದು. ಐವತ್ತು ಕೆಜಿಯ ಮೂಟೆಗೆ ಇವತ್ತು ರೇಟೆಷ್ಟು ಎಂಬ ಮಾತು ಬಣಕಲ್ಲಿನ ಯಾವ ಅಂಗಡಿ ಕಟ್ಟೆಯ ಮೇಲೆ ಕೂತರೂ ಕೇಳುತ್ತದೆ. ಆ ಐವತ್ತು ಕೆಜಿ ಒಳಗೆ ಹೋಗುವಷ್ಟು ಹೊತ್ತು ಚೀಲ ತಾನಾಗಿ ಬಾಯಿ ತೆರೆದುಕೊಂಡಿತ್ತೇ ಎಂದು ಕೇಳಿದವರಿಲ್ಲ.

ಇಷ್ಟೆಲ್ಲ ಯೋಚನೆಗೆ ಕಾರಣ ಒಂದು ಕುದುರೆ.

ಕಾಫಿ ರೇಟು ಬಿದ್ದಾಗ ಮಲೆನಾಡಿನಲ್ಲಿ ಹೋಂಸ್ಟೇಗಳು ಹುಟ್ಟಿದವು. ರೇಟು ಎದ್ದ ಮೇಲೂ ಹೋಗಲಿಲ್ಲ. ನನ್ನ ಚಿಕ್ಕಪ್ಪನ ಮಗನೂ ಒಂದು ನಡೆಸುತ್ತಾನೆ. ಚಾರ್ಮಾಡಿ ಘಾಟಿಯ ಜಲಪಾತ, ದೇವರಮನೆ, ಬಲ್ಲಾಳರಾಯನ ದುರ್ಗ ಎಂದು ಬರುವವರಿಗೆ ನೀರುದೋಸೆ, ಕೋಳಿ ಸಾರು, ಕ್ಯಾಂಪ್‌ಫೈರ್ ಎಲ್ಲ ಕೊಟ್ಟು ಮುಗಿದ ಮೇಲೆ ಇನ್ನೇನು ಕೊಡುವುದು ಎಂದು ಚಿಂತಿಸಿ, ಬಯಲುಸೀಮೆಯ ಒಬ್ಬ ದಲ್ಲಾಳಿಯಿಂದ ಒಂದು ಕುದುರೆ ತಂದ. ರೇಸಿನಲ್ಲಿ ಓಡಿ ರಿಟೈರ್ ಆದದ್ದಂತೆ. ಅದು ಲಾರಿಯಿಂದ ಇಳಿದಾಗ ಬಣಕಲ್ಲಿನ ಅರ್ಧ ಊರು ನೋಡಲು ಬಂದಿತ್ತು. ದನ, ಎಮ್ಮೆ, ಕಾಡುಕೋಣ, ಈಚೆಗೆ ಆನೆಯನ್ನೂ ದಿನಾ ಕಂಡವರಿಗೆ ಕುದುರೆಯೇ ಅಪರೂಪದ ಪ್ರಾಣಿ.

ಹಿಂದೆ ಹೀಗಿರಲಿಲ್ಲ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಮಂಜರಾಬಾದು ಸೀಮೆಗೆ ಕಾಫಿ ಹಾಕಲು ಬಂದ ದೊರೆಗಳು ತೋಟದಿಂದ ತೋಟಕ್ಕೆ ಕುದುರೆಯ ಮೇಲೇ ಓಡಾಡಿದವರು. ಅವರಲ್ಲೊಬ್ಬ, ರಾಬರ್ಟ್ ಎಲಿಯಟ್ ಎಂಬಾತ, ಮೈಸೂರು ಕಾಡುಗಳ ತನ್ನ ಅನುಭವವನ್ನು 1871ರಲ್ಲಿ ಪುಸ್ತಕ ಮಾಡಿದ. 1894ರಲ್ಲಿ ಚಿನ್ನ, ಬೇಟೆ, ಕಾಫಿ ಮೂರನ್ನೂ ಸೇರಿಸಿ ಇನ್ನೊಂದು ಬರೆದ. ದೊರೆಗಳ ಕಾಲದಲ್ಲಿ ಒಂದು ಕುದುರೆಗೆ ಉಪಚಾರ ಮಾಡಲು ಒಬ್ಬ ಸೈಸ, ಹುಲ್ಲು ತರಲೆಂದೇ ಇನ್ನೊಬ್ಬ ಇರುತ್ತಿದ್ದ. ಹುಲ್ಲಿನವನು ಬೆಳಗಾಗೆದ್ದು ಗದ್ದೆ ಬದು, ಹಳ್ಳದ ದಂಡೆ ಹುಡುಕಿ ಗರಿಕೆ ಕೊಯ್ದು, ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ತರಬೇಕು. ಅಂದರೆ ದೊರೆ ಕುದುರೆ ಹತ್ತುತ್ತಿದ್ದ, ಕುದುರೆಯ ಊಟ ಇನ್ನೊಬ್ಬನ ತಲೆ ಹತ್ತುತ್ತಿತ್ತು. ಹುಲ್ಲು ತುಂಬುವ ಸಲಕರಣೆ ಎಂಬುದರ ಅಗತ್ಯ ಆಗ ಯಾರಿಗೂ ಕಾಣಲಿಲ್ಲ. ಸಲಕರಣೆಗೆ ಎರಡು ಕಾಲಿತ್ತು, ಕರೆದರೆ ಬರುತ್ತಿತ್ತು.

ಮೈಸೂರಿನ ಟಾಂಗಾದವರದು, ಹಳೆಯ ಜಟಕಾದವರದು ಇನ್ನೂ ಜಾಣತನ. ಹುರುಳಿ ತುಂಬಿದ ಚೀಲವನ್ನು ಕುದುರೆಯ ಮುಖಕ್ಕೇ ಕಟ್ಟಿಬಿಡುತ್ತಿದ್ದರು; ಚೀಲದ ಬಾಯಿಯನ್ನು ಕುದುರೆಯ ಬಾಯಿಯೇ ಹಿಡಿದುಕೊಳ್ಳಬೇಕು. ಹುಲ್ಲನ್ನು ಗಾಡಿಯೊಳಗೆ ಹಾಸಿ, ಮೇಲೆ ಒಂದು ಚಾಪೆ ಬಿಡಿಸಿ, ಅದರ ಮೇಲೆ ನಮ್ಮನ್ನು ಕೂರಿಸುತ್ತಿದ್ದರು. ಸ್ಟೇಷನ್ನಿನಿಂದ ಮನೆ ತಲುಪುವವರೆಗೆ ನಾವು ದುಡ್ಡು ಕೊಟ್ಟು ಕುದುರೆಯ ಮಧ್ಯಾಹ್ನದ ಊಟವನ್ನು ಅದುಮಿಕೊಡುತ್ತಿದ್ದೆವು.

ಇರಲಿ. ಚಿಕ್ಕಪ್ಪನ ಮಗ ಕುದುರೆಯನ್ನು ಹಸುವಿನ ಹಾಗೇ ಸಾಕತೊಡಗಿದ. ಬೆಳಿಗ್ಗೆ ಒಂದು ಹೊರೆ ಹುಲ್ಲು, ಸಂಜೆ ಒಂದು ಹೊರೆ. ಕುದುರೆ ಆ ಹೊರೆಯನ್ನು ಅರ್ಧ ತಿಂದು, ಅರ್ಧ ತುಳಿದು, ಅದರ ಮೇಲೇ ಲದ್ದಿ ಹಾಕಿ, ಮಿಕ್ಕ ಹೊತ್ತೆಲ್ಲ ಕೊಟ್ಟಿಗೆಯ ಕಂಬ ಕಚ್ಚುತ್ತ ನಿಂತಿತು. ಒಂದು ದಿನ ಹೊಟ್ಟೆನೋವೆಂದು ನೆಲದಲ್ಲಿ ಹೊರಳಾಡಿತು. ಪಶುವೈದ್ಯರು ಬಂದು ಔಷಧಿ ಕೊಟ್ಟು, ಕೊಟ್ಟಿಗೆಯಲ್ಲೇ ಪಾಠ ಮಾಡಿದರು. ಹಸು ಗಬಗಬ ನುಂಗಿ ಆಮೇಲೆ ಪುರುಸೊತ್ತಿನಲ್ಲಿ ಮೆಲುಕು ಹಾಕುತ್ತದೆ. ಕುದುರೆಗೆ ಆ ಅನುಕೂಲ ಇಲ್ಲ. ಅದರ ಮೈಗೆ ಹೋಲಿಸಿದರೆ ಜಠರ ಬಲು ಚಿಕ್ಕದು. ಬಯಲಿನಲ್ಲಿ ಬಿಟ್ಟರೆ ದಿನಕ್ಕೆ ಹದಿನಾಲ್ಕು, ಹದಿನಾರು ಗಂಟೆ ಸ್ವಲ್ಪ ಸ್ವಲ್ಪವೇ ಮೇಯುತ್ತ ಇರುವ ಪ್ರಾಣಿ. ಅದರ ಜಠರದಲ್ಲಿ ಆಮ್ಲ ಹೊತ್ತುಗೊತ್ತಿಲ್ಲದೆ ಊರುತ್ತಲೇ ಇರುತ್ತದೆ. ಆ ಆಮ್ಲವನ್ನು ತಣಿಸುವ ಜೊಲ್ಲು ಮಾತ್ರ ಅಗಿಯುವಾಗಷ್ಟೇ ಬರುತ್ತದೆ. ಹೊಟ್ಟೆ ಬಹಳ ಹೊತ್ತು ಖಾಲಿಯಿದ್ದರೆ ಹುಣ್ಣು. ಹಾಗೆಂದು ವಾಂತಿ ಮಾಡಿ ಹಗುರಾಗಲೂ ಅದಕ್ಕೆ ಬರುವುದಿಲ್ಲ. ನಾನೂರು ಕೆಜಿ ತೂಗುವ ಕುದುರೆಗೆ ದಿನಕ್ಕೆ ಏಳೆಂಟು ಕೆಜಿ ಒಣಮೇವು ಬೇಕು, ಅದೂ ಬೂಷ್ಟು ಹಿಡಿಯದ್ದು.

ಬೂಷ್ಟು ಹಿಡಿಯದ ಹುಲ್ಲು! ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಣಕಲ್ಲಿನಲ್ಲಿ ಬೂಷ್ಟು ಹಿಡಿಯದ್ದು ಎಂದರೆ ಒಲೆಯ ಮೇಲಿನ ಅಟ್ಟದಲ್ಲಿಟ್ಟದ್ದು ಮಾತ್ರ. ಚಪ್ಪಲಿ, ಬೆಲ್ಟು, ಮದುವೆಯ ಆಲ್ಬಮ್ಮು, ಎಲ್ಲದಕ್ಕೂ ಹಿಡಿಯುತ್ತದೆ. ದನ ಸ್ವಲ್ಪ ಮುಗ್ಗಲು ಹುಲ್ಲನ್ನು ತಿಂದು ಸುಧಾರಿಸಿಕೊಂಡೀತು. ಕುದುರೆಗೆ ಆ ಧೂಳು ಶ್ವಾಸಕೋಶಕ್ಕೆ ಹೋಗಿ ಉಬ್ಬಸ ಶುರುವಾಗುತ್ತದೆ. ನಮ್ಮ ಗದ್ದೆಗಳು ಅಡಿಕೆ ತೋಟವಾದ ಮೇಲೆ ಬಣವೆ ಒಟ್ಟುವವರೂ ಕಡಿಮೆಯಾದರು, ಹುಲ್ಲು ಬಯಲುಸೀಮೆಯಿಂದ ಲಾರಿಯಲ್ಲಿ ಬರಬೇಕು, ಈಗ ಯಂತ್ರ ಸುತ್ತಿದ ಉರುಳೆಗಳಾಗಿ. ಅದರಲ್ಲೂ ಬತ್ತದ ಹುಲ್ಲಿನಲ್ಲಿ ಸತ್ವ ಕಡಿಮೆಯೆಂದು ವೈದ್ಯರು ಬೇರೆ ಒಣಹುಲ್ಲು ತರಿಸಲು ಹೇಳಿದರು. ಇಷ್ಟು ತುಟ್ಟಿಯ ಮೇವನ್ನು ಕಾಲ ಕೆಳಗೆ ಹಾಕಿ ತುಳಿಸುವುದುಂಟೇ? "ಬಲೆಯಲ್ಲಿ ತುಂಬಿ ನೇತುಹಾಕಿ" ಎಂದರು ವೈದ್ಯರು.

ಬಲೆ ಅಂಚೆಯಲ್ಲಿ ಬಂತು. ಎರಡು ಬೆರಳು ತೂರುವಷ್ಟು ಕಣ್ಣಿನ ನೈಲಾನ್ ಬಲೆ, ಬಾಯಿಗೆ ಒಂದು ಹಗ್ಗ. ಕಣ್ಣಿನಿಂದ ಎರಡು ಮೂರು ಎಳೆಯಷ್ಟೇ ಎಳೆದು ತಿನ್ನಬೇಕಾದ್ದರಿಂದ ಬೇಗ ಮುಗಿಯುವ ಊಟ ಬಹಳ ಹೊತ್ತು ನಡೆಯುತ್ತದೆ. ನನಗೆ ಕಣದಲ್ಲಿ ಎತ್ತುಗಳಿಗೆ ಕಟ್ಟುತ್ತಿದ್ದ ಬಾಯಿಕುಕ್ಕೆ ನೆನಪಾಯಿತು. ಅಲ್ಲಿ ತಿನ್ನದಿರಲೆಂದು ಪ್ರಾಣಿಯ ಬಾಯಿಗೆ ಬಲೆ. ಇಲ್ಲಿ ನಿಧಾನ ತಿನ್ನಲೆಂದು ಊಟಕ್ಕೇ ಬಲೆ. ಒಟ್ಟಿನಲ್ಲಿ ಮನುಷ್ಯನಿಗೆ ಬಲೆ ಬಿಡಲಾಗುವುದಿಲ್ಲ. ಅದನ್ನು ಕಟ್ಟುವುದರಲ್ಲೂ ಲೆಕ್ಕವಿದೆ. ತುಂಬಿದ ಬಲೆ ಎಲ್ಲಿರುತ್ತದೆಂದು ನೋಡಿ ಕಟ್ಟಬಾರದು, ಖಾಲಿಯಾದ ಮೇಲೆ ಎಷ್ಟು ಕೆಳಗೆ ಜೋತು ಬೀಳುತ್ತದೆಂದು ನೋಡಿ ಕಟ್ಟಬೇಕು. ಇಲ್ಲದಿದ್ದರೆ ಗೊರಸು ಕಣ್ಣಿಗೆ ಸಿಕ್ಕಿಕೊಂಡು ಅನಾಹುತವಾಗುತ್ತದೆ. ಗಂಟೂ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಜಾರುಗಂಟೇ ಆಗಬೇಕು.

ಇದೆಲ್ಲ ಕಟ್ಟುವ ಕಷ್ಟ. ತುಂಬುವ ಕಷ್ಟ ಬೇರೆಯೇ. ಗೋಣಿಚೀಲಕ್ಕೆ ಇರುವುದು ಒಂದೇ ಬಾಯಿ, ಬಲೆಗೆ ಮೈಯೆಲ್ಲ ಬಾಯಿ. ಯಾವುದು ನಿಜವಾದ ಬಾಯಿ ಎಂದು ಹುಡುಕುವಷ್ಟರಲ್ಲಿ ಅಂಗಿಯ ಗುಂಡಿ ಒಂದು ಕಣ್ಣಿಗೆ, ವಾಚು ಇನ್ನೊಂದಕ್ಕೆ ಸಿಕ್ಕಿರುತ್ತದೆ. ಒಂದು ಹಿಡಿ ಹುಲ್ಲು ತುರುಕಿದರೆ ಬಲೆಯ ಅಂಚೂ ಅದರ ಜೊತೆ ಒಳಗೆ ಹೋಗುತ್ತದೆ. ಓಡುವ ಮಗುವಿಗೆ ಹಿಂದಿನಿಂದ ಅಂಗಿ ತೊಡಿಸಿದ ಹಾಗೆ. ಚಿಕ್ಕಪ್ಪನ ಮಗ ಹಿತ್ತಲಿನಿಂದ ಕೂಗಿದ, "ಅಣ್ಣಯ್ಯ, ಸ್ವಲ್ಪ ಬಾಯಿ ಹಿಡ್ಕೊಳ್ಳಿ ಬನ್ನಿ ಮಾರಾಯ್ರೆ." ಅರವತ್ತು ದಾಟಿದ ಮೇಲೆ ನನಗೆ ಮತ್ತೆ ನೌಕರಿ ಸಿಕ್ಕಿತು. ಅವನ ಮಕ್ಕಳು ಬೆಂಗಳೂರಿನಲ್ಲಿದ್ದಾರೆ; ಕೆಲಸಕ್ಕೆ ಬಂದ ಅಸ್ಸಾಮಿನ ಹುಡುಗರು ಕಾಫಿ ಕುಯ್ಯಲು ಬಂದವರು, ಕುದುರೆ ಎಂದರೆ ಹತ್ತು ಮಾರು ದೂರ.

ಘಟ್ಟದ ಮೇಲೂ ಕೆಳಗೂ ಯಂತ್ರಗಳು ಹೀಗೇ ಹುಟ್ಟುತ್ತವೆ ಎಂಬುದು ನನ್ನ ಗ್ರಹಿಕೆ. ಎರಡನೇ ಮನುಷ್ಯ ಮನೆ ಬಿಟ್ಟು ಹೋದ ಮೇಲೆ ಅವನ ಜಾಗಕ್ಕೆ ಕಬ್ಬಿಣ ಬರುತ್ತದೆ. ಚಾರ್ಮಾಡಿ ಇಳಿದು ಹೋದರೆ ಸಿಗುವ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ಗಣಪತಿ ಭಟ್ಟರು ಅಡಿಕೆ ಮರ ಹತ್ತುವ ಬೈಕು ಮಾಡಿದ್ದು, ಮರ ಹತ್ತುವ ಆಳು ಸಿಗದೆ. 2019ರಲ್ಲಿ ಅದರ ವಿಡಿಯೋ ನೋಡದವರು ಕಡಿಮೆ. ಪುತ್ತೂರಿನಿಂದ 1988ರಿಂದ ಬರುತ್ತಿರುವ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಲೇಖನಿ ಕೊಟ್ಟು ಇಂಥ ಕೈಚಳಕಗಳನ್ನು ಬರೆಸುತ್ತಲೇ ಇದೆ. ನಮ್ಮ ಮೂಡಿಗೆರೆಯ ಲೇಖಕ ತೇಜಸ್ವಿಯವರು ಇದ್ದಿದ್ದರೆ ಕುದುರೆಗಿಂತ ಬಲೆಯನ್ನೇ ಹೆಚ್ಚು ಹೊತ್ತು ನೋಡುತ್ತಿದ್ದರೇನೋ. ಈ ಸೀಮೆಯವರು ಏನು ಬರೆದರೂ ಅವರ ಹೆಸರು ತರದೆ ಬಿಡುವುದಿಲ್ಲ ಎಂಬ ಅಪವಾದವಿದೆ. ತರದಿದ್ದರೆ ಕೊಟ್ಟಿಗೆಹಾರದಲ್ಲಿ ಅವರ ಪ್ರತಿಷ್ಠಾನದ ಎದುರು ಬಸ್ಸಿಳಿಯುವುದು ಹೇಗೆ?

ಅಂತೂ ಚಿಕ್ಕಪ್ಪನ ಮಗ ಬಲೆ ಹಿಡಿದುಕೊಂಡು ವೆಲ್ಡಿಂಗ್ ಅಂಗಡಿಗೆ ಹೋದ, ನಾನೂ ಹೋದೆ. ವೆಲ್ಡಿಂಗಿನವನು ಗೇಟು, ಕಿಟಕಿ, ಪಲ್ಪರಿನ ಸ್ಟ್ಯಾಂಡು ಮಾಡಿ ಬೇಸತ್ತವನು. ಹೊಸ ಕೆಲಸ ಎಂದೊಡನೆ ಬೀಡಿ ಆರಿಸಿದ. ಮೂರು ಕಾಲಿನ ಮೇಲೆ ಒಂದು ಕಬ್ಬಿಣದ ಬಳೆ, ಬಳೆಗೆ ಸುತ್ತ ಕೊಕ್ಕೆ. ಕೊಕ್ಕೆಗೆ ಬಲೆಯ ಅಂಚು ಸಿಕ್ಕಿಸಿ ಎರಡೂ ಕೈಯಲ್ಲಿ ಹುಲ್ಲು ತುರುಕುವುದು. ನೋಡಲು ಚೆಂದವಿತ್ತು. ಬಲೆ ಬಾಯಿ ತೆರೆದು ನಿಂತದ್ದು ಕಂಡು ನನಗೆ ಕಣ್ಣು ತುಂಬಿ ಬಂತು. ಆದರೆ ಹುಲ್ಲು ಅದುಮಿದ ಹಾಗೆ ಬಲೆ ಕೆಳಗೆ ಜಗ್ಗಿ ಕೊಕ್ಕೆಗಳು ಒಂದೊಂದಾಗಿ ಬಿಟ್ಟುಕೊಂಡವು. ಕೊಕ್ಕೆಯನ್ನು ಇನ್ನಷ್ಟು ಬಾಗಿಸಿದರೆ ತುಂಬಿದ ಮೇಲೆ ಬಿಡಿಸಲಾಗುತ್ತಿರಲಿಲ್ಲ. ಹುಲ್ಲೂ ಗಾಳಿಯೂ ಸೇರಿ ಪುಸುಕ್ಕೆಂದು ಮೇಲೆ ಬರುತ್ತಿತ್ತು. ವೆಲ್ಡಿಂಗಿನವನು ಬಳೆಯನ್ನು ಅಗಲ ಮಾಡಿದ, ಚೌಕ ಮಾಡಿದ, ಒಂದು ಕಾಲು ಹೆಚ್ಚಿಗೆ ಇಟ್ಟ. "ಗೌಡ್ರೆ, ಇದಕ್ಕೆ ಒಂದು ಮೋಟ್ರು ಕೂರಿಸಿದ್ರೆ ಹೆಂಗೆ?" ಎಂಬಲ್ಲಿಗೆ ಬಂತು. ಯಾವುದೇ ಉಪಕರಣದ ಚರಿತ್ರೆಯಲ್ಲಿ ಮೋಟರಿನ ಮಾತು ಬಂದಾಗ ಎದ್ದು ಕಾಫಿ ಕುಡಿಯಲು ಹೋಗುವುದು ಒಳ್ಳೆಯದು.

ದಾರಿ ತೋರಿಸಿದವಳು ನರ್ಸರಿಯಲ್ಲಿ ತೊಟ್ಟೆಗೆ ಮಣ್ಣು ತುಂಬುವ ಹೆಂಗಸು. ಕಾಫಿ ಸಸಿಯ ತೊಟ್ಟೆ ತೆಳು ಪ್ಲಾಸ್ಟಿಕ್ಕು, ಅದೂ ಬಾಯಿ ತೆರೆಯುವುದಿಲ್ಲ. ಅವಳು ಒಂದು ತುಂಡು ಪಿವಿಸಿ ಪೈಪಿಗೆ ತೊಟ್ಟೆಯನ್ನು ಹೊರಗಿನಿಂದ ತೊಡಿಸಿ, ಪೈಪಿನೊಳಗೆ ಮಣ್ಣು ಸುರಿದು, ಪೈಪನ್ನು ಮೇಲಕ್ಕೆ ಎಳೆದುಬಿಡುತ್ತಾಳೆ. ಮಣ್ಣು ತೊಟ್ಟೆಯಲ್ಲಿ ಉಳಿಯುತ್ತದೆ. ನಾವು ಕೊಕ್ಕೆಯ ಬಗ್ಗೆ ಜಗಳವಾಡುವುದನ್ನು ಕೇಳಿ, "ಬಲೇನ ಹಿಡಿಯಾಕೆ ಯಾಕೆ ಹೋಗ್ತೀರಿ ಅಯ್ಯ, ಡ್ರಮ್ಮಿಗೆ ಚಡ್ಡಿ ಹಾಕಿದಂಗೆ ಹಾಕ್ರಿ" ಎಂದಳು. ತಳ ಕೊಯ್ದ ನೀಲಿ ಪ್ಲಾಸ್ಟಿಕ್ ಡ್ರಮ್ಮು. ಅದಕ್ಕೆ ಕೆಳಗಿನಿಂದ ಬಲೆ ತೊಡಿಸುವುದು, ಮೇಲಿನಿಂದ ಹುಲ್ಲು ತುಂಬುವುದು, ಡ್ರಮ್ಮನ್ನು ಎತ್ತುವುದು. ಒಳಗೋಡೆ ನುಣುಪಾದ್ದರಿಂದ ಹುಲ್ಲು ಎಲ್ಲೂ ಕಚ್ಚುವುದಿಲ್ಲ. ಹೊರಗೆ ಬಂದ ಮೇಲೆ ಉಬ್ಬಿ ಬಲೆಯನ್ನು ತಾನೇ ಬಿಗಿ ಮಾಡಿಕೊಳ್ಳುತ್ತದೆ. ಡ್ರಮ್ಮು ತುದಿಗಿಂತ ಬುಡದಲ್ಲಿ ತುಸು ಅಗಲವಿದ್ದರೆ ಇನ್ನೂ ಸಲೀಸು. ವೆಲ್ಡಿಂಗಿನವನ ಮುಖ ಸಣ್ಣಗಾಯಿತು, ಏಕೆಂದರೆ ಇದರಲ್ಲಿ ವೆಲ್ಡಿಂಗೇ ಇರಲಿಲ್ಲ. ಅವನ ಸಮಾಧಾನಕ್ಕೆ ಡ್ರಮ್ಮನ್ನು ನಿಲ್ಲಿಸುವ ಒಂದು ಚೌಕಟ್ಟು, ಎತ್ತಲು ಎರಡು ಹಿಡಿ ಮಾಡಿಸಿದೆವು.

ಹುಲ್ಲಿನ ಧೂಳು ಹೋಗಲೆಂದು ಈಗ ತುಂಬಿದ ಬಲೆಯನ್ನು ಹಾಗೇ ನೀರಿನ ತೊಟ್ಟಿಯಲ್ಲಿ ಅದ್ದಿ, ಸೋರಿಸಿ, ಕಟ್ಟುತ್ತಾನೆ. ಕುದುರೆ ಕಂಬ ಕಚ್ಚುವುದು ಬಿಟ್ಟಿದೆ. ಪ್ರವಾಸಿಗರು ಅದರ ಮೇಲೆ ಕೂರುವುದಕ್ಕಿಂತ ಅದು ಬಲೆಯಿಂದ ಒಂದೊಂದೇ ಎಳೆ ಹಿರಿಯುವುದನ್ನು ಮೊಬೈಲಿನಲ್ಲಿ ಹಿಡಿಯುವುದೇ ಹೆಚ್ಚು. ಅರಸನ ಕುದುರೆ ಲಾಯದಲ್ಲೇ ಮುಪ್ಪಾಯಿತು ಎಂಬ ಗಾದೆ ಇದರ ಪಾಲಿಗೆ ಸುಖದ ಮಾತು.

ವೆಲ್ಡಿಂಗಿನವನು ಮಾತ್ರ ಸುಮ್ಮನಿರಲಿಲ್ಲ. ಹಳೆಯ ಕೊಕ್ಕೆಯ ಸ್ಟ್ಯಾಂಡಿಗೆ ಹಸಿರು ಬಣ್ಣ ಬಳಿದು ಅಂಗಡಿಯ ಮುಂದೆ ನಿಲ್ಲಿಸಿದ. ತಾಲ್ಲೂಕಿನಲ್ಲಿ ಕುದುರೆ ಸಾಕಿದವರು ಎಷ್ಟು ಜನ ಎಂದು ನನ್ನನ್ನೇ ಕೇಳಿ, ಉತ್ತರಕ್ಕೆ ಕಾಯದೆ ಗೋಣಿಚೀಲ ಸಿಕ್ಕಿಸಿ ನೋಡಿದ. ಬಲೆಯಲ್ಲಿ ಸೋತ ಕೊಕ್ಕೆ ಗೋಣಿಯ ದಪ್ಪ ಅಂಚನ್ನು ಗಟ್ಟಿಯಾಗಿ ಕಚ್ಚಿಕೊಂಡಿತು. ಮೊದಲು ಬಂದು ವಿಚಾರಿಸಿದವರು ತೋಟದವರಲ್ಲ, ಪಂಚಾಯಿತಿಯ ಒಣಕಸದ ಗಾಡಿಯ ಇಬ್ಬರು ಹೆಂಗಸರು. ಒಬ್ಬಳು ಬಾಟಲಿ ಹಾಕುವಾಗ ಇನ್ನೊಬ್ಬಳು ಚೀಲ ಹಿಡಿದು ನಿಲ್ಲಬೇಕಂತೆ, ಅಷ್ಟರಲ್ಲಿ ಮುಂದಿನ ಮನೆ ಮುಗಿಸಬಹುದಂತೆ. ಬಳೆಯನ್ನು ಎರಡೂ ಕೈಯಿಂದ ಅಳೆದು ನೋಡಿ, ನಮ್ಮ ಚೀಲ ದೊಡ್ಡದು, ಇದು ಇನ್ನೊಂದು ಗೇಣು ಅಗಲ ಆಗಬೇಕು, ಗಾಡಿಯಲ್ಲಿಡಲು ಕಾಲು ಮಡಚಬೇಕು ಎಂದರು.

"ಕಾಲು ಮಡಚಾದು ಅಂದ್ರೆ ರೇಟು ಬೇರೆ" ಎಂದ ವೆಲ್ಡಿಂಗಿನವನು.

"ಎಷ್ಟಾತದೆ ಹೇಳಿ, ಪಿಡಿಒ ಸಾಹೇಬ್ರನ್ನ ಕೇಳ್ತೀವಿ" ಎಂದರು ಅವರು. ಅವನು ಟೇಪು ತೆಗೆದುಕೊಂಡು ಎದ್ದ.